ಆಕ್ಸಿಜನ್ ಇತ್ತು, ಆದರೂ ಸಾಯುತ್ತಿದ್ದರು: ಕೋಪನ್‌ಹೇಗನ್, 1952

1952ರ ಆಗಸ್ಟ್. ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿತ್ತು. ಅಲ್ಲಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ ಬ್ಲೆಗ್ಡಾಮ್‌ಗೆ ಕೆಲವು ದಿನ 50 ಜನರವರೆಗೂ ಹೊಸ ರೋಗಿಗಳು ಬರುತ್ತಿದ್ದರು. ಬಹಳಷ್ಟು ಮಂದಿ ಮಕ್ಕಳು. ಕೆಲವರಿಗೆ ಬರೀ ಕೈಕಾಲಿನ ಶಕ್ತಿ ಹೋಗಿರುತ್ತಿತ್ತು. ಇನ್ನು ಕೆಲವರಿಗೆ ಎದೆಯ ಸ್ನಾಯು, ವಪೆ, ಗಂಟಲು ಎಲ್ಲವೂ ಸೋತಿರುತ್ತಿದ್ದವು. ಎಂಜಲು ನುಂಗಲಾಗದು, ಕಫ ಕೆಮ್ಮಲಾಗದು, ಉಸಿರು ಎಳೆಯಲಾಗದು.

ಉಸಿರಾಟಕ್ಕೆ ನೆರವಾಗಲು ಆಸ್ಪತ್ರೆಯಲ್ಲಿ ಇದ್ದದ್ದು ಒಂದು ಕಬ್ಬಿಣದ ಶ್ವಾಸಕೋಶ (ಕತ್ತಿನವರೆಗೆ ಮೈಯನ್ನು ಒಳಗಿಡುವ ಪೆಟ್ಟಿಗೆಯಂಥ ಯಂತ್ರ), ಆರು ಎದೆಕವಚದ ಯಂತ್ರ. ಎರಡೂ ಕೆಲಸ ಮಾಡುವ ರೀತಿ ಒಂದೇ. ಎದೆಯ ಸುತ್ತಲಿನ ಗಾಳಿಯನ್ನು ಹೀರಿ ಎದೆ ಉಬ್ಬುವಂತೆ ಮಾಡುವುದು, ಆಗ ಮೂಗು ಬಾಯಿಂದ ಗಾಳಿ ಒಳಗೆ ಬರುತ್ತದೆ. ಮೊದಲ ಮೂರು ವಾರಗಳಲ್ಲಿ ಹೀಗೆ ಯಂತ್ರಕ್ಕೆ ಹಾಕಿದ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು.

ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಲಾಸೆನ್ ಸಾಮಾನ್ಯ ವೈದ್ಯರಲ್ಲ. ಸಾಂಕ್ರಾಮಿಕ ರೋಗಗಳಲ್ಲಿ ಪಳಗಿದ ಕೈ. ಅವರಿಗೂ ಬಗೆಹರಿಯದ ವಿಷಯ ಒಂದಿತ್ತು. ರೋಗಿಗಳಿಗೆ ಆಕ್ಸಿಜನ್ ಕೊಡುತ್ತಿದ್ದರು. ಎಷ್ಟೋ ಮಂದಿಯ ತುಟಿ, ಉಗುರು ನೀಲಿಗಟ್ಟಿರಲಿಲ್ಲ. ಆದರೂ ಬಿಪಿ ಏರುತ್ತಿತ್ತು, ಮೈ ಬೆವೆತು ಒದ್ದೆಯಾಗುತ್ತಿತ್ತು, ಮಂಪರು ಕವಿಯುತ್ತಿತ್ತು, ಆಮೇಲೆ ಪ್ರಜ್ಞೆ ಹೋಗಿ ಸಾವು. ಲ್ಯಾಬ್ ವರದಿಯಲ್ಲಿ ಎದ್ದು ಕಾಣುತ್ತಿದ್ದ ಅಂಶ ಒಂದೇ: ರಕ್ತದಲ್ಲಿನ ‘ಒಟ್ಟು ಕಾರ್ಬನ್ ಡೈಆಕ್ಸೈಡ್’ ಜಾಸ್ತಿ.

ಇದನ್ನು ವೈದ್ಯರು ಓದಿದ್ದು ಹೀಗೆ. ರಕ್ತದಲ್ಲಿ ಒಟ್ಟು ಕಾರ್ಬನ್ ಡೈಆಕ್ಸೈಡ್ ಅಂದರೆ ಬಹುಪಾಲು ಬೈಕಾರ್ಬನೇಟ್. ಬೈಕಾರ್ಬನೇಟ್ ಒಂದು ಕ್ಷಾರ. ಹಾಗಾದರೆ ರಕ್ತ ಕ್ಷಾರದ ಕಡೆಗೆ ವಾಲಿದೆ. ಯಾಕೆ ಅಂತ ಗೊತ್ತಿಲ್ಲ, ಪೋಲಿಯೊ ವೈರಸ್ಸಿನದೇ ಏನೋ ಕರಾಮತ್ತು ಇರಬೇಕು.

ಆ ಓದು ತಲೆಕೆಳಗಾಗಿತ್ತು. ಈ ಪ್ರಕರಣ ನಿಂತಿರುವುದೇ ಅದರ ಮೇಲೆ. ಅದು ಯಾಕೆ ತಪ್ಪು ಅಂತ ತಿಳಿಯಬೇಕಾದರೆ ಕಾರ್ಬನ್ ಡೈಆಕ್ಸೈಡ್ ಮೈಯೊಳಗೆ ಎಲ್ಲಿ ಹುಟ್ಟಿ, ಯಾವ ವೇಷದಲ್ಲಿ ಸಾಗಿ, ಹೇಗೆ ಹೊರಬೀಳುತ್ತದೆ ಅಂತ ನೋಡಬೇಕು.

ಹುಟ್ಟು

ಸುಮ್ಮನೆ ಮಲಗಿರುವ ದೊಡ್ಡವರ ಮೈ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಕ್ಸಿಜನ್ ಬಳಸುತ್ತದೆ, ಸುಮಾರು 200 ಮಿಲಿಲೀಟರ್ ಕಾರ್ಬನ್ ಡೈಆಕ್ಸೈಡ್ ತಯಾರಿಸುತ್ತದೆ. ಏನೂ ಮಾಡದೆ ಬಿದ್ದುಕೊಂಡರೂ ದಿನಕ್ಕೆ 300 ಲೀಟರಿನ ಹತ್ತಿರ ಆಯಿತು. ಓಡಿದರೆ, ನಡುಗಿದರೆ, ಜ್ವರ ಬಂದರೆ ಇನ್ನೂ ಜಾಸ್ತಿ. ಒಂದು ಡಿಗ್ರಿ ಸೆಲ್ಸಿಯಸ್ ಜ್ವರಕ್ಕೆ ಸುಮಾರು 10 ಪರ್ಸೆಂಟ್ ಏರುತ್ತದೆ ಅಂತ ಇಟ್ಟುಕೊಳ್ಳಿ.

ಇದು ಹುಟ್ಟುವುದು ಶ್ವಾಸಕೋಶದಲ್ಲಲ್ಲ. ಪ್ರತಿ ಜೀವಕೋಶದೊಳಗಿನ ಮೈಟೊಕಾಂಡ್ರಿಯದಲ್ಲಿ. ಊಟದಿಂದ ಬಂದ ಸಕ್ಕರೆ, ಕೊಬ್ಬು ಅಲ್ಲಿ ಹಂತ ಹಂತವಾಗಿ ಕಳಚಿಕೊಳ್ಳುತ್ತವೆ. ಕಳಚುವಾಗ ಇಂಗಾಲ ಒಂದೊಂದಾಗಿ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಇನ್ನೊಂದು ಮಾತು. ನಾವು ಎಳೆದುಕೊಂಡ ಆಕ್ಸಿಜನ್ನೇ ಇಂಗಾಲದ ಜೊತೆ ಸೇರಿ ವಾಪಸ್ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಆ ಆಕ್ಸಿಜನ್ ಕೊನೆಯ ಹಂತದಲ್ಲಿ ನೀರಾಗುತ್ತದೆ. ಕಾರ್ಬನ್ ಡೈಆಕ್ಸೈಡ್‌ನಲ್ಲಿರುವ ಆಕ್ಸಿಜನ್ ಬಂದದ್ದು ಆಹಾರದಿಂದ ಮತ್ತು ಕೋಶದೊಳಗಿನ ನೀರಿನಿಂದ.

ಸಾಗಣೆ

ಇಲ್ಲೇ ಕೋಪನ್‌ಹೇಗನ್ ವೈದ್ಯರು ಎಡವಿದ್ದು. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲಿ ಮೂರು ರೂಪದಲ್ಲಿ ಸಾಗುತ್ತದೆ. ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಹಾಗೇ ಕರಗಿರುತ್ತದೆ. ಐದರಲ್ಲಿ ಒಂದು ಪಾಲಿನಷ್ಟು ಹಿಮೋಗ್ಲೋಬಿನ್ನಿನ ಪ್ರೊಟೀನ್ ಭಾಗಕ್ಕೆ ಅಂಟಿಕೊಳ್ಳುತ್ತದೆ. ಉಳಿದದ್ದು, ಅಂದರೆ ಸುಮಾರು 70 ಪರ್ಸೆಂಟ್, ಬೈಕಾರ್ಬನೇಟ್ ಆಗಿ ವೇಷ ಬದಲಿಸುತ್ತದೆ.

ವೇಷ ಬದಲಾಗುವ ಜಾಗ ಕೆಂಪು ರಕ್ತಕಣದ ಒಳಗೆ. ಗೋಲಿ ಸೋಡಾ ನಾಲಿಗೆಗೆ ಚುರುಕ್ ಅನ್ನುತ್ತದಲ್ಲ, ಅಲ್ಲಿ ನಡೆಯುವುದೂ ಇದೇ: ಕಾರ್ಬನ್ ಡೈಆಕ್ಸೈಡ್ ನೀರಿನ ಜೊತೆ ಸೇರಿ ಕಾರ್ಬಾನಿಕ್ ಆಮ್ಲ ಆಗುತ್ತದೆ. ರಕ್ತದಲ್ಲಿ ಅದು ತನ್ನಷ್ಟಕ್ಕೆ ಆಗಲಿ ಅಂತ ಬಿಟ್ಟರೆ ತುಂಬಾ ನಿಧಾನ. ರಕ್ತ ಒಂದು ಲೋಮನಾಳದಲ್ಲಿ ಇರುವುದೇ ಒಂದು ಸೆಕೆಂಡಿನ ಆಸುಪಾಸು. ಅದಕ್ಕೇ ಕೆಂಪುಕಣದಲ್ಲಿ ಕಾರ್ಬಾನಿಕ್ ಅನ್‌ಹೈಡ್ರೇಸ್ ಅನ್ನುವ ಕಿಣ್ವ ಇದೆ. ಇದರ ಒಂದೊಂದು ಅಣು ಸೆಕೆಂಡಿಗೆ ಹತ್ತು ಲಕ್ಷದಷ್ಟು ಸಲ ಈ ಕೆಲಸ ಮುಗಿಸಬಲ್ಲದು. ಆಮ್ಲ ಹುಟ್ಟಿದ ಕೂಡಲೇ ಒಡೆಯುತ್ತದೆ: ಒಂದು ಕಡೆ ಬೈಕಾರ್ಬನೇಟ್, ಇನ್ನೊಂದು ಕಡೆ ಹೈಡ್ರೋಜನ್ ಅಯಾನು. ಬೈಕಾರ್ಬನೇಟ್ ಕಣದಿಂದ ಹೊರಬಂದು ಪ್ಲಾಸ್ಮಾ ಸೇರುತ್ತದೆ, ಬದಲಿಗೆ ಕ್ಲೋರೈಡ್ ಒಳಹೋಗುತ್ತದೆ. ಹೈಡ್ರೋಜನ್ ಅಯಾನನ್ನು ಹಿಮೋಗ್ಲೋಬಿನ್ ಹಿಡಿದುಕೊಳ್ಳುತ್ತದೆ. ಆಕ್ಸಿಜನ್ ಇಳಿಸಿ ಖಾಲಿಯಾದ ಹಿಮೋಗ್ಲೋಬಿನ್ ಈ ಕೆಲಸ ಇನ್ನೂ ಚೆನ್ನಾಗಿ ಮಾಡುತ್ತದೆ. ಶ್ವಾಸಕೋಶದಲ್ಲಿ ಮತ್ತೆ ಆಕ್ಸಿಜನ್ ಹತ್ತಿದಾಗ ಹಿಡಿತ ಸಡಿಲ. ಎಲ್ಲವೂ ಹಿಂದುಮುಂದಾಗಿ ನಡೆದು ಕಾರ್ಬನ್ ಡೈಆಕ್ಸೈಡ್ ಮತ್ತೆ ಅನಿಲವಾಗುತ್ತದೆ.

ಒಂದು ಲೆಕ್ಕ ನನಗೆ ಯಾವಾಗಲೂ ಖುಷಿ ಕೊಡುತ್ತದೆ. ಶ್ವಾಸಕೋಶಕ್ಕೆ ಬರುವ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 52 ಮಿಲಿಲೀಟರ್ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಹೊರಡುವಾಗ 48. ಇಳಿಸುವುದು ಬರೀ 4. ನಿಮಿಷಕ್ಕೆ 5 ಲೀಟರ್ ರಕ್ತ ಹರಿಯುವುದರಿಂದ ಆ ನಾಲ್ಕೇ 200 ಮಿಲಿಲೀಟರ್ ಆಗುತ್ತದೆ, ತಯಾರಾದದ್ದಕ್ಕೆ ಸರಿಸಮ. ಅಂದರೆ ಕಾರ್ಬನ್ ಡೈಆಕ್ಸೈಡ್ ಬರೀ ಕಸ ಅಲ್ಲ. ಮೈ ಅದರ ದೊಡ್ಡ ದಾಸ್ತಾನನ್ನು ಬೇಕೆಂದೇ ಇಟ್ಟುಕೊಂಡಿದೆ. ರಕ್ತದ ಆಮ್ಲ ಕ್ಷಾರದ ತೂಕ ನಿಂತಿರುವುದೇ ಅದರ ಮೇಲೆ.

ಆ ತೂಕದ ಅಳತೆ ಪಿಎಚ್: ತಗ್ಗಿದರೆ ಆಮ್ಲದ ಕಡೆಗೆ, ಏರಿದರೆ ಕ್ಷಾರದ ಕಡೆಗೆ. ಆರೋಗ್ಯವಂತರಲ್ಲಿ 7.35ರಿಂದ 7.45. ಪಿಎಚ್ ಅನ್ನು ತೀರ್ಮಾನಿಸುವುದು ಬೈಕಾರ್ಬನೇಟ್ ಎಷ್ಟಿದೆ ಅನ್ನುವುದಲ್ಲ. ಬೈಕಾರ್ಬನೇಟ್ ಮತ್ತು ಕರಗಿದ ಕಾರ್ಬನ್ ಡೈಆಕ್ಸೈಡ್ ಇವೆರಡರ ಅನುಪಾತ. ಸಾಮಾನ್ಯವಾಗಿ 20ಕ್ಕೆ 1.

ಈಗ ಇಬ್ಬರು ರೋಗಿಗಳನ್ನು ಊಹಿಸಿಕೊಳ್ಳಿ. ಮೊದಲನೆಯವನಿಗೆ ವಾಂತಿಯಿಂದ ಹೊಟ್ಟೆಯ ಆಮ್ಲ ಹೋಗಿ ಬೈಕಾರ್ಬನೇಟ್ 29ಕ್ಕೆ ಏರಿದೆ. ಅವನ ಕಾರ್ಬನ್ ಡೈಆಕ್ಸೈಡ್ ಒತ್ತಡ, ಅಂದರೆ ಕರಗಿದ ಪಾಲಿನ ಅಳತೆ, 42 ಮಿಲಿಮೀಟರ್ ಪಾದರಸ; ಸಾಮಾನ್ಯವಾಗಿ ಅದು 40ರ ಹತ್ತಿರ. ಒಟ್ಟು ಕಾರ್ಬನ್ ಡೈಆಕ್ಸೈಡ್ 30 ಚಿಲ್ಲರೆ, ಪಿಎಚ್ 7.46. ಎರಡನೆಯವನಿಗೆ ಉಸಿರಾಟ ಸೋತಿದೆ. ಕಾರ್ಬನ್ ಡೈಆಕ್ಸೈಡ್ ಒತ್ತಡ 80, ಅಂದರೆ ಇರಬೇಕಾದ್ದಕ್ಕಿಂತ ಎರಡರಷ್ಟು. ಅದರ ಒಂದು ಪಾಲು ಬೈಕಾರ್ಬನೇಟ್ ಆಗಿ ಬದಲಾಗಿದ್ದರಿಂದ ಅದು 28ಕ್ಕೆ ಏರಿದೆ. ಒಟ್ಟು ಕಾರ್ಬನ್ ಡೈಆಕ್ಸೈಡ್ ಇವನದೂ 30 ಚಿಲ್ಲರೆ. ಪಿಎಚ್ ಮಾತ್ರ 7.17.

ಇಬ್ಬರ ‘ಒಟ್ಟು’ ಒಂದೇ. ಒಬ್ಬನ ರಕ್ತ ಕ್ಷಾರದ ಕಡೆಗೆ, ಇನ್ನೊಬ್ಬನದು ಅಪಾಯಕಾರಿಯಾಗಿ ಆಮ್ಲದ ಕಡೆಗೆ. ಬ್ಲೆಗ್ಡಾಮ್‌ನಲ್ಲಿ ಮೊದಲು ನೋಡುತ್ತಿದ್ದದ್ದು ಆ ‘ಒಟ್ಟು’ ಒಂದನ್ನೇ.

ಇದರಲ್ಲಿ ಬೇಸರದ ಸಂಗತಿ ಏನೆಂದರೆ, ಈ ಲೆಕ್ಕಕ್ಕೆ ಬೇಕಾದ ಸಮೀಕರಣ ಹುಟ್ಟಿದ್ದೇ ಆ ಊರಿನಲ್ಲಿ. ಅಮೆರಿಕದ ಲಾರೆನ್ಸ್ ಹೆಂಡರ್ಸನ್ ಬರೆದ ಸಂಬಂಧವನ್ನು 1916ರಲ್ಲಿ ಇವತ್ತಿನ ಪಿಎಚ್ ರೂಪಕ್ಕೆ ತಂದವರು ಡೆನ್ಮಾರ್ಕ್‌ನ ಕಾರ್ಲ್ ಹ್ಯಾಸೆಲ್‌ಬಾಲ್ಕ್. ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದಾಗ ಹಿಮೋಗ್ಲೋಬಿನ್ ಆಕ್ಸಿಜನ್ನನ್ನು ಬಿಟ್ಟುಕೊಡುತ್ತದೆ ಅಂತ 1904ರಲ್ಲಿ ತೋರಿಸಿದ್ದು ಕ್ರಿಸ್ಟಿಯನ್ ಬೋರ್ ಅವರ ಪ್ರಯೋಗಾಲಯ, ಅದೂ ಕೋಪನ್‌ಹೇಗನ್ನೇ. ಭೌತವಿಜ್ಞಾನಿ ನೀಲ್ಸ್ ಬೋರ್ ಅವರ ತಂದೆ ಇವರು. ವಿದ್ಯೆ ಊರಲ್ಲೇ ಇತ್ತು. ವಾರ್ಡಿಗೆ ಬಂದಿರಲಿಲ್ಲ.

ಹೊರಹಾಕುವುದು

ಆಕ್ಸಿಜನ್ ಬೇರೆ, ಕಾರ್ಬನ್ ಡೈಆಕ್ಸೈಡ್ ಬೇರೆ. ಇದು ಮಾತಿಗೆ ಹೇಳಿದ್ದಲ್ಲ. ರಕ್ತಕ್ಕೆ ಆಕ್ಸಿಜನ್ ಸೇರಿಸಲು ಇನ್ನೊಂದು ದಾರಿ ಇದೆ: ಒಳಗೆ ಹೋಗುವ ಗಾಳಿಯಲ್ಲಿ ಆಕ್ಸಿಜನ್ ಪಾಲು ಹೆಚ್ಚಿಸಿದರಾಯಿತು. ಕಾರ್ಬನ್ ಡೈಆಕ್ಸೈಡ್‌ಗೆ ಹಾಗಿಲ್ಲ. ಹೊರಗಿನ ಗಾಳಿಯಲ್ಲಿ ಅದು ಮೊದಲೇ ಇಲ್ಲದಷ್ಟು ಕಡಿಮೆ. ಅದು ಹೊರಹೋಗುವುದು ಶ್ವಾಸಕೋಶದ ಗಾಳಿಗೂಡುಗಳಲ್ಲಿ ಹಳೆಯ ಗಾಳಿ ಹೋಗಿ ಹೊಸದು ಬಂದಾಗ ಮಾತ್ರ.

ಉಸಿರು ಎಳೆದದ್ದೆಲ್ಲ ಗಾಳಿಗೂಡಿಗೆ ಮುಟ್ಟುವುದೂ ಇಲ್ಲ. ದೊಡ್ಡವರಲ್ಲಿ ಪ್ರತಿ ಉಸಿರಿನ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳದಲ್ಲೇ ಉಳಿದು ವಾಪಸ್ ಬರುತ್ತದೆ. ಒಂದು ಉಸಿರಿಗೆ 500 ಮಿಲಿಲೀಟರ್, ನಿಮಿಷಕ್ಕೆ 12 ಉಸಿರು ಅಂದರೆ ಗಾಳಿಗೂಡಿಗೆ ಮುಟ್ಟುವುದು 4.2 ಲೀಟರ್. ಆಗ ರಕ್ತದ ಕಾರ್ಬನ್ ಡೈಆಕ್ಸೈಡ್ 40ರ ಹತ್ತಿರ ನಿಲ್ಲುತ್ತದೆ. ಸ್ನಾಯು ಸೋತು ಉಸಿರು 250ಕ್ಕೆ ಇಳಿಯಿತು, ಆದರೆ ನಿಮಿಷಕ್ಕೆ 20 ಸಲ ಏದುಸಿರು ಬಿಡುತ್ತಿದ್ದಾರೆ ಅಂತ ಇಟ್ಟುಕೊಳ್ಳಿ. ಒಟ್ಟು ಗಾಳಿ 5 ಲೀಟರ್, ನೋಡಲು ಪರವಾಗಿಲ್ಲ ಅನಿಸುತ್ತದೆ. ಗಾಳಿಗೂಡಿಗೆ ಮುಟ್ಟುವುದು 2 ಲೀಟರ್ ಮಾತ್ರ. ಕಾರ್ಬನ್ ಡೈಆಕ್ಸೈಡ್ 80 ದಾಟುತ್ತದೆ. ಇದೇ ರೋಗಿಗೆ ಅರ್ಧಕ್ಕರ್ಧ ಆಕ್ಸಿಜನ್ ಇರುವ ಗಾಳಿ ಕೊಡಿ. ತುಟಿ ಕೆಂಪಗೆ ಹೊಳೆಯುತ್ತದೆ. ಕಾರ್ಬನ್ ಡೈಆಕ್ಸೈಡ್ ಇದ್ದಲ್ಲೇ ಇರುತ್ತದೆ, ಅಥವಾ ಏರುತ್ತದೆ.

ಬ್ಲೆಗ್ಡಾಮ್‌ನಲ್ಲಿ ಆಗುತ್ತಿದ್ದದ್ದು ಇದೇ. ಎದೆಕವಚ ಅಲ್ಪಸ್ವಲ್ಪ ಗಾಳಿ ಆಡಿಸುತ್ತಿತ್ತು. ಗಂಟಲಲ್ಲಿ ಕಫ ಕಟ್ಟಿ ಅದಕ್ಕೂ ಅಡ್ಡಿ. ಆಕ್ಸಿಜನ್ ಬಣ್ಣವನ್ನು ಕಾಪಾಡುತ್ತಿತ್ತು, ರೋಗಿಯನ್ನಲ್ಲ.

ಆಗಸ್ಟ್ 27

ಲಾಸೆನ್ ಅವರ ಕೈಕೆಳಗಿನ ವೈದ್ಯ ಮೋಗೆನ್ಸ್ ಬ್ಯೋರ್ನೆಬೊ, ಬ್ಯೋರ್ನ್ ಇಬ್ಸೆನ್ ಅನ್ನುವ ಅರಿವಳಿಕೆ ತಜ್ಞರನ್ನು ಕರೆಸೋಣ ಅಂದರು. ಇಬ್ಸೆನ್ ಬಾಸ್ಟನ್‌ನಲ್ಲಿ ತರಬೇತಿ ಪಡೆದು ಬಂದಿದ್ದರು. ಆ ಕಾಲದಲ್ಲಿ ಅರಿವಳಿಕೆಯವರು ಅಂದರೆ ಆಪರೇಷನ್ ಕೋಣೆಯವರು. ವಾರ್ಡಿನ ರೋಗಿಯ ವಿಷಯದಲ್ಲಿ ಅವರ ಮಾತು ಕೇಳುವ ರೂಢಿ ಇರಲಿಲ್ಲ. ಆಗಸ್ಟ್ 25ರಂದು ಸಭೆ ನಡೆಯಿತು. ಇಬ್ಸೆನ್ ರೋಗಿಗಳ ದಾಖಲೆ ನೋಡಿದರು, ಶವಪರೀಕ್ಷೆಯಲ್ಲಿ ಶ್ವಾಸಕೋಶಗಳನ್ನು ನೋಡಿದರು. ಅಷ್ಟು ಮಂದಿಯ ಸಾವಿಗೆ ಕಾರಣ ಆಗುವಷ್ಟು ಶ್ವಾಸಕೋಶ ಕೆಟ್ಟಿರಲಿಲ್ಲ. ಬೆವರು, ಏರಿದ ಬಿಪಿ, ಜಾಸ್ತಿಯಾದ ಕಾರ್ಬನ್ ಡೈಆಕ್ಸೈಡ್: ಈ ಚಿತ್ರ ಅವರಿಗೆ ಹೊಸದಲ್ಲ. ಆಪರೇಷನ್ ಟೇಬಲ್ ಮೇಲೆ ಉಸಿರು ಸಾಲದಾದ ರೋಗಿಯಲ್ಲಿ ಕಾಣುವುದೂ ಇದೇ. ಇದು ಕ್ಷಾರದ ಸಮಸ್ಯೆ ಅಲ್ಲ, ಕಾರ್ಬನ್ ಡೈಆಕ್ಸೈಡ್ ಹೊರಹೋಗದೆ ಉಳಿದಿದೆ ಅಂದರು.

ಲಾಸೆನ್ ಪೂರ್ತಿ ಒಪ್ಪಲಿಲ್ಲ. ಆದರೂ ಒಂದು ಅವಕಾಶ ಕೊಟ್ಟರು. ಅದು ಸಣ್ಣ ಮಾತಲ್ಲ.

27ರಂದು ಇಬ್ಸೆನ್ ಮುಂದೆ ಇದ್ದದ್ದು 12 ವರ್ಷದ ಹುಡುಗಿ. ನಾಲ್ಕೂ ಕೈಕಾಲಿಗೆ ಪಾರ್ಶ್ವವಾಯು. ಜ್ವರ 40.2 ಡಿಗ್ರಿ. ಎಡ ಶ್ವಾಸಕೋಶ ಕುಸಿದಿತ್ತು. ತನ್ನದೇ ಕಫದಲ್ಲಿ ಮುಳುಗುತ್ತಿದ್ದಳು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕತ್ತಿನಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ, ಕಫ್ ಇರುವ ಕೊಳವೆ ಹಾಕಿದರು. ಕಫ್ ಅಂದರೆ ಕೊಳವೆಯ ಸುತ್ತ ಉಬ್ಬುವ ಸಣ್ಣ ಬಲೂನು. ಅದು ಉಬ್ಬಿದರೆ ಬಾಯಿಯ ಎಂಜಲು ಕೆಳಗೆ ಇಳಿಯದು, ಒತ್ತಿದ ಗಾಳಿ ಮೇಲೆ ಸೋರದು. ಕೊಳವೆಗೆ ರಬ್ಬರ್ ಚೀಲ, ಮಧ್ಯೆ ಸೋಡಾಲೈಮ್ ತುಂಬಿದ ಡಬ್ಬಿ. ಹೊರಬಂದ ಕಾರ್ಬನ್ ಡೈಆಕ್ಸೈಡನ್ನು ಸೋಡಾಲೈಮ್ ಹೀರಿಕೊಳ್ಳುತ್ತದೆ.

ಮೊದಲಿಗೆ ಎಲ್ಲವೂ ಕೆಟ್ಟಿತು. ಹುಡುಗಿ ಒದ್ದಾಡಿದಳು, ಶ್ವಾಸನಾಳಗಳು ಬಿಗಿದುಕೊಂಡವು. ಎಷ್ಟು ಒತ್ತಿದರೂ ಗಾಳಿ ಒಳಗೆ ಹೋಗಲಿಲ್ಲ. ನೋಡಲು ಬಂದಿದ್ದ ವೈದ್ಯರು ಆಸೆ ಬಿಟ್ಟು ಒಬ್ಬೊಬ್ಬರಾಗಿ ಹೊರಟರು. ಇಬ್ಸೆನ್ ಪೆಂಟೋಥಾಲ್ ಅನ್ನುವ ಅರಿವಳಿಕೆ ಔಷಧ 100 ಮಿಲಿಗ್ರಾಂ ಕೊಟ್ಟರು. ಹುಡುಗಿಯ ಸ್ವಂತ ಉಸಿರು ನಿಂತುಹೋಯಿತು. ಈಗ ಚೀಲ ಒತ್ತಿದರೆ ಎದೆ ಏರುತ್ತಿತ್ತು.

ಆ ಔಷಧ ಎರಡು ಕೆಲಸ ಮಾಡಿತು ಅಂತ ನನ್ನ ಓದು. ಒದ್ದಾಟ ನಿಂತಿದ್ದರಿಂದ ಗಾಳಿಗೆ ದಾರಿ ಸಿಕ್ಕಿತು. ಅದೇ ಹೊತ್ತಿಗೆ ಜ್ವರದಲ್ಲಿ ಒದ್ದಾಡುತ್ತಿದ್ದ ಮೈ ತಯಾರಿಸುತ್ತಿದ್ದ ಕಾರ್ಬನ್ ಡೈಆಕ್ಸೈಡ್ ಕೂಡ ತಗ್ಗಿತು.

ಸ್ವಲ್ಪ ಹೊತ್ತಿಗೆ ಬೆವರು ಆರಿತು, ಬಿಪಿ ಇಳಿಯಿತು, ಉಸಿರಿನಲ್ಲಿ ಅಳೆದ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಯಿತು. ಇಬ್ಸೆನ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವಳನ್ನು ಚೀಲದಿಂದ ಬಿಡಿಸಿ ಎದೆಕವಚದ ಯಂತ್ರಕ್ಕೆ ಹಾಕಿದರು. ಕಾರ್ಬನ್ ಡೈಆಕ್ಸೈಡ್ ಏರಿತು, ಬೆವರು ಬಂತು, ಬಿಪಿ ಮೇಲಕ್ಕೆ ಹೋಯಿತು. ಮತ್ತೆ ಚೀಲ ಒತ್ತಿದರು. ಎಲ್ಲವೂ ಇಳಿಯಿತು. ಕ್ಷಾರ ಜಾಸ್ತಿಯಾಗಿದ್ದರೆ ಬರೀ ಗಾಳಿ ಆಡಿಸಿ ಅದನ್ನು ಹೀಗೆ ಏರಿಸಿ ಇಳಿಸಲು ಆಗುತ್ತಿರಲಿಲ್ಲ. ಹುಡುಗಿ ಉಳಿದಳು, ಬೆಳೆದು ದೊಡ್ಡವಳಾದಳು.

ಸಾವಿರದೈನೂರು ಜೊತೆ ಕೈಗಳು

ಮುಂದಿನದು ಜನಬಲದ ಕತೆ. ಚೀಲ ಒತ್ತಲು ಯಂತ್ರ ಇರಲಿಲ್ಲ. ವೈದ್ಯಕೀಯ ಮತ್ತು ದಂತ ವೈದ್ಯಕೀಯ ವಿದ್ಯಾರ್ಥಿಗಳನ್ನು ಕರೆದರು. ಒಟ್ಟು ಸುಮಾರು 1,500 ಮಂದಿ ಬಂದರು. ಪಾಳಿಯ ಮೇಲೆ ಮಂಚದ ಪಕ್ಕ ಕೂತು, ಹಗಲು ರಾತ್ರಿ ಕೈಯಲ್ಲೇ ಚೀಲ ಒತ್ತಿದರು. ಒಂದು ಹಂತದಲ್ಲಿ ಒಟ್ಟಿಗೆ 70 ರೋಗಿಗಳು ಹೀಗೆ ಉಸಿರಾಡುತ್ತಿದ್ದರು. ಎಲ್ಲ ಸೇರಿ 1,65,000 ಗಂಟೆ.

ಎಷ್ಟು ಒತ್ತಬೇಕು ಅಂತ ಗೊತ್ತಾಗುವುದು ಹೇಗೆ? ಇಲ್ಲಿ ಲ್ಯಾಬ್ ಮುಖ್ಯಸ್ಥ ಪೌಲ್ ಆಸ್ಟ್ರುಪ್ ಬರುತ್ತಾರೆ. ಅವರು ರಕ್ತದ ಪಿಎಚ್ ಅನ್ನೂ ಅಳೆಯತೊಡಗಿದರು. ಪಿಎಚ್ ತಗ್ಗಿತ್ತು, ಅಂದರೆ ಆಮ್ಲ. ವಾದ ಅಲ್ಲಿಗೆ ಮುಗಿಯಿತು. ಪಿಎಚ್ ಮತ್ತು ಒಟ್ಟು ಕಾರ್ಬನ್ ಡೈಆಕ್ಸೈಡ್ ಎರಡೂ ಗೊತ್ತಿದ್ದರೆ ಹ್ಯಾಸೆಲ್‌ಬಾಲ್ಕ್ ಸಮೀಕರಣದಿಂದ ಕಾರ್ಬನ್ ಡೈಆಕ್ಸೈಡ್ ಒತ್ತಡ ಸಿಗುತ್ತದೆ. ಅದು ಏರಿದರೆ ಚೀಲ ಇನ್ನಷ್ಟು ಒತ್ತಬೇಕು, ತೀರಾ ಇಳಿದರೆ ನಿಧಾನಿಸಬೇಕು. ನಮ್ಮಲ್ಲಿ ಇದನ್ನು ಮಾಡುವುದು ಮಿದುಳಿನ ಬುಡದಲ್ಲಿರುವ ಮೆಡುಲ್ಲಾ. ಅಲ್ಲಿನ ಕೋಶಗಳು ಕಾರ್ಬನ್ ಡೈಆಕ್ಸೈಡ್ ತರುವ ಆಮ್ಲತೆಯನ್ನು ಗ್ರಹಿಸಿ ಉಸಿರಿನ ವೇಗ, ಆಳ ತೀರ್ಮಾನಿಸುತ್ತವೆ. ಉಸಿರು ಕಟ್ಟಿದಾಗ ಆಗುವ ತಳಮಳಕ್ಕೂ ಮುಖ್ಯ ಕಾರಣ ಆಕ್ಸಿಜನ್ ಕೊರತೆ ಅಲ್ಲ, ಏರುತ್ತಿರುವ ಕಾರ್ಬನ್ ಡೈಆಕ್ಸೈಡ್. ಬ್ಲೆಗ್ಡಾಮ್‌ನಲ್ಲಿ ಆ ಕೆಲಸವನ್ನು ಒಂದು ಲ್ಯಾಬ್, ಅದರ ವರದಿಯ ಚೀಟಿ ಮತ್ತು ವಿದ್ಯಾರ್ಥಿಯ ಕೈ ಹಂಚಿಕೊಂಡವು.

87 ಪರ್ಸೆಂಟ್ ಇದ್ದ ಸಾವಿನ ಪ್ರಮಾಣ 40ರ ಆಸುಪಾಸಿಗೆ ಇಳಿಯಿತು. ಆಮೇಲೆ ಇನ್ನೂ ಇಳಿಯಿತು. ಎಲ್ಲ ಶ್ರೇಯವನ್ನೂ ಕಾರ್ಬನ್ ಡೈಆಕ್ಸೈಡ್ ಲೆಕ್ಕಕ್ಕೆ ಕೊಡುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಫ ಹೀರಿ ತೆಗೆದದ್ದು, ಕಫ್ ಇರುವ ಕೊಳವೆ, ಪ್ರತಿ ರೋಗಿಯ ಪಕ್ಕ ಸದಾ ಒಬ್ಬರು ಕೂತಿದ್ದದ್ದು ಇವೂ ಜೀವ ಉಳಿಸಿದವು. ಆದರೆ ಚೀಟಿಯ ಓದು ಬದಲಾಗದೆ ಇದ್ದಿದ್ದರೆ ಯಾರೂ ಚೀಲ ಕೈಗೆತ್ತಿಕೊಳ್ಳುತ್ತಿರಲಿಲ್ಲ.

1953ರ ಕೊನೆಯಲ್ಲಿ ಇಬ್ಸೆನ್ ಕೋಪನ್‌ಹೇಗನ್‌ನ ಇನ್ನೊಂದು ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೇ ಪ್ರತ್ಯೇಕ ವಿಭಾಗ ತೆರೆದರು. ಈಗಿನ ಐಸಿಯುಗಳ ಮೂಲ ಅದು. ಆಸ್ಟ್ರುಪ್ ಅವರ ಅಳತೆಯ ವಂಶದ್ದೇ ಇವತ್ತಿನ ಎಬಿಜಿ ಪರೀಕ್ಷೆ, ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಮಾಡುತ್ತಾರಲ್ಲ, ಅದು.

ಈಗ, ನಮ್ಮ ಮನೆಗಳಲ್ಲಿ

2021ರ ಕೋವಿಡ್ ಅಲೆಯಲ್ಲಿ ನಮ್ಮ ಎಷ್ಟೋ ಮನೆಗಳಿಗೆ ಬೆರಳಿಗೆ ಹಾಕುವ ಆಕ್ಸಿಮೀಟರ್ ಬಂತು. ಒಳ್ಳೆಯ ಸಾಧನವೇ. ಆದರೆ ಅದು ನೋಡುವುದು ಹಿಮೋಗ್ಲೋಬಿನ್ನಿನ ಬಣ್ಣವನ್ನು, ಬ್ಲೆಗ್ಡಾಮ್ ವೈದ್ಯರು ಕಣ್ಣಲ್ಲಿ ನೋಡುತ್ತಿದ್ದದ್ದನ್ನೇ ಇನ್ನೂ ಕರಾರುವಾಕ್ಕಾಗಿ. ಕಾರ್ಬನ್ ಡೈಆಕ್ಸೈಡ್ ಬಗ್ಗೆ ಅದು ಏನೂ ಹೇಳದು.

ಇದು ಮುಖ್ಯವಾಗುವುದು ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ, ಇರುವವರಿಗೆ. ಬೀಡಿ ಸಿಗರೇಟು ಸೇದಿದವರು, ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದ ಹೆಂಗಸರು ಇದರಲ್ಲಿ ಬರುತ್ತಾರೆ. ಇವರಲ್ಲಿ ಕೆಲವರಿಗೆ ಕಾರ್ಬನ್ ಡೈಆಕ್ಸೈಡ್ ಮೊದಲೇ ಜಾಸ್ತಿ ಇರುತ್ತದೆ. ಕಿಡ್ನಿ ನಿಧಾನವಾಗಿ ಬೈಕಾರ್ಬನೇಟ್ ಉಳಿಸಿ ಪಿಎಚ್ ಸರಿದೂಗಿಸಿರುತ್ತದೆ. ಇಂಥವರಿಗೆ ಆಕ್ಸಿಜನ್ ಕಾನ್ಸಂಟ್ರೇಟರ್‌ನ ಗುಂಡಿಯನ್ನು ನಾವೇ ಜಾಸ್ತಿ ತಿರುಗಿಸಿದರೆ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರಬಹುದು. ಅದಕ್ಕೇ ವೈದ್ಯರು ಇಂಥವರಿಗೆ ಆಕ್ಸಿಮೀಟರ್ 88ರಿಂದ 92ರ ನಡುವೆ ತೋರಿಸಿದರೆ ಸಾಕು ಅನ್ನುತ್ತಾರೆ. ಮೀಟರ್ 98 ತೋರಿಸುತ್ತಿದೆ, ಆದರೆ ಅಜ್ಜ ಬೆಳಗ್ಗೆ ತಲೆನೋವು ಅಂತಾರೆ, ಮಾತಾಡುತ್ತಲೇ ತೂಗಡಿಸುತ್ತಾರೆ, ಚಾಚಿದ ಕೈ ಮಣಿಕಟ್ಟಿನಲ್ಲಿ ಪಟಪಟ ಬೀಳುತ್ತದೆ ಅಂದರೆ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಅಲ್ಲಿ ಎಬಿಜಿ ಮಾಡಿಸುತ್ತಾರೆ. ಚೀಟಿಯಲ್ಲಿ ಮೊದಲು ಪಿಎಚ್ ನೋಡಿ, ಆಮೇಲೆ ಕಾರ್ಬನ್ ಡೈಆಕ್ಸೈಡ್ ಒತ್ತಡ, ಕೊನೆಗೆ ಬೈಕಾರ್ಬನೇಟ್. ಪಿಎಚ್ 7.35ಕ್ಕಿಂತ ಕೆಳಗೆ, ಒತ್ತಡ 45ಕ್ಕಿಂತ ಮೇಲೆ ಇದ್ದರೆ ಗಾಳಿ ಸಾಕಷ್ಟು ಆಡುತ್ತಿಲ್ಲ ಅಂತ. ಬೈಕಾರ್ಬನೇಟ್ ಕೂಡ ತುಂಬಾ ಏರಿದ್ದರೆ ಇದು ಇವತ್ತಿನದಲ್ಲ, ಹಳೆಯದು. ಹೀಗೆ ಪಿಎಚ್ ತಗ್ಗಿ ಒತ್ತಡ ಏರಿದ್ದರೆ ಮುಖಕ್ಕೆ ಬಿಗಿಯಾದ ಮಾಸ್ಕ್ ಕಟ್ಟಿ ಬೈಪ್ಯಾಪ್ ಯಂತ್ರ ಹಾಕಬಹುದು. ರೋಗಿ ಎಳೆದ ಪ್ರತಿ ಉಸಿರಿಗೂ ಒತ್ತಡ ಕೊಟ್ಟು ಗಾಳಿ ತುಂಬುವುದು ಅದರ ಕೆಲಸ. ಒಂದೆರಡು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆದು ಒತ್ತಡ ಇಳಿದಿದೆಯಾ ಅಂತ ನೋಡುತ್ತಾರೆ.